ಓದದೆ ಬಿಟ್ಟ ಪ್ರಕಟಣೆ

ನಾನು ಮಳವಳ್ಳಿಯಲ್ಲಿ ಮೇಷ್ಟ್ರಾಗಿದ್ದ ವರ್ಷಗಳಲ್ಲಿ ಮಂಡ್ಯದಿಂದ ಬರುತ್ತಿದ್ದ ವಾರಪತ್ರಿಕೆಗೆ ನಾನೇ ಊರಿನ ಬಾತ್ಮೀದಾರ. ಪತ್ರಿಕೆ ಬಸ್ಸಿನಲ್ಲಿ ಬಂದ ಸಂಜೆ ಕೆಳಗಿನ ಬೀದಿಯ ಜಗಲಿಯ ಮೇಲೆ ಕೂತು ಅದನ್ನು ಗಟ್ಟಿಯಾಗಿ ಓದುವುದೂ ನನ್ನ ಕೆಲಸವೇ. ಆ ಬೀದಿಯಲ್ಲಿ ಅಕ್ಷರ ಬಲ್ಲವರಿರಲಿಲ್ಲ. ಎಲ್ಲರಿಗಿಂತ ಮುಂದೆ ಕೂರುತ್ತಿದ್ದವಳು ಸೂಲಗಿತ್ತಿ. ಊರಿನ ಅರ್ಧ ಮಕ್ಕಳನ್ನು ಭೂಮಿಗೆ ತಂದವಳು.

ಒಂದು ವಾರ ನನ್ನ ಲೇಖನ ಅಚ್ಚಾಗಿತ್ತು. ಪುರಸಭೆಯ ಕೆಲಸದಲ್ಲಿ ಜನರೂ ಬಾಯಿ ಹಾಕಬೇಕು ಎಂಬ ಉಪದೇಶ, ಎರಡು ಕಾಲಂ. ಅದರ ಕೆಳಗೇ ಪುರಸಭೆಯ ಪ್ರಕಟಣೆ: ಗಾಡಿರಸ್ತೆ ಅಗಲ ಮಾಡಲು ಕೆಳಗಿನ ಬೀದಿಯ ಬಾವಿ ಮುಚ್ಚಲಾಗುವುದು, ತಕರಾರಿದ್ದವರು ಸೋಮವಾರ ಕಚೇರಿಗೆ ಬಂದು ಹೇಳತಕ್ಕದ್ದು. ನಾನು ಲೇಖನವನ್ನು ರಾಗವಾಗಿ ಓದಿದೆ. ಜನ ತಲೆದೂಗಿ ಮತ್ತೊಮ್ಮೆ ಓದಿಸಿದರು. ಕೆಳಗಿನ ಸಣ್ಣಕ್ಷರ ಕಣ್ಣಿಗೆ ಬಿತ್ತು. ನಾಳೆ ಓದಿದರಾಯಿತೆಂದು ಪತ್ರಿಕೆ ಮಡಚಿದೆ. ಮರುದಿನ ಮರೆತೆ.

ಸೋಮವಾರ ಯಾರೂ ಹೋಗಲಿಲ್ಲ. ಹತ್ತು ದಿನ ಕಳೆದು ಮಣ್ಣಿನ ಗಾಡಿಗಳು ಬಂದವು. ಸೂಲಗಿತ್ತಿ ಶಾಲೆಯ ಬಾಗಿಲಿಗೆ ಓಡಿ ಬಂದಳು.

"ಮೇಷ್ಟ್ರೇ, ಬಾವಿ ಮುಚ್ತಾವ್ರೆ! ನಮ್ಮನ್ನ ಒಂದ್ ಮಾತೂ ಕೇಳ್ನಿಲ್ಲ ಕಣಪ್ಪ. ಪತ್ರಿಕೇಲಿ ಬರೀರಿ, ಬುಡಬ್ಯಾಡಿ ಅವ್ರನ್ನ!"

ಅವಳ ಜೊತೆ ಕಚೇರಿಗೆ ಹೋದೆ. ಗುಮಾಸ್ತ ಆ ಪತ್ರಿಕೆಯನ್ನೇ ತೆರೆದು ನನ್ನ ಮುಂದಿಟ್ಟ.

"ನಿಮ್ಮ ಪತ್ರಿಕೇಲೇ ಹಾಕಿಸಿದ್ವಲ್ಲ ಸ್ವಾಮಿ. ಯಾರದೂ ತಕರಾರಿಲ್ಲ ಅಂತ ಸದಸ್ಯರು ಬರೆದೂ ಆಯ್ತು."

ಅವಳು ನನ್ನ ಕಡೆ ತಿರುಗಿದಳು. "ಅವತ್ತು ಓದುದ್ರಲ್ಲ, ಅದೇ ಪತ್ರಿಕೆನಾ ಇದು?"

ಅಲ್ಲ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು.

"ಅದೇ," ಎಂದೆ. "ನನ್ನ ಲೇಖನ ಓದಿ ಇದನ್ನ ಬಿಟ್ಟುಬಿಟ್ಟೆ."

"ಬಾಯಿ ಆಕಿ ಅಂತ ಏಳ್ದೋರು ನೀವೇ. ಎಲ್ಲಿ, ಯಾವತ್ತು ಅಂತ ಮಾತ್ರ ಏಳ್ನಿಲ್ಲ," ಎಂದು ಹೊರಟುಹೋದಳು.

ಬೀದಿಯವರ ಹೆಬ್ಬೆಟ್ಟು ಒತ್ತಿಸಿ ಅರ್ಜಿ ಕೊಟ್ಟೆ. ಅಷ್ಟರಲ್ಲಿ ಬಾವಿ ಮುಚ್ಚಿಯಾಗಿತ್ತು. ಹೆಂಗಸರು ಕೊಡ ಹೊತ್ತು ಕಾಲುವೆಗೆ ನಡೆಯತೊಡಗಿದರು. ನನ್ನ ತಪ್ಪನ್ನೂ ಒಪ್ಪಿ ಎಲ್ಲವನ್ನೂ ಪತ್ರಿಕೆಗೆ ಬರೆದೆ. ಸಂಪಾದಕರು ಸ್ಥಳವಿಲ್ಲವೆಂದು ತಪ್ಪೊಪ್ಪಿಗೆಯ ಭಾಗ ತೆಗೆದು, ಪುರಸಭೆಯನ್ನು ಬೈದಿದ್ದ ಭಾಗವನ್ನಷ್ಟೇ ಹಾಕಿದರು. ಜಗಲಿಯ ಮೇಲೆ ಅದನ್ನು ಓದಿದಾಗ, "ನಮ್ ಪರವಾಗಿ ಒಬ್ರಾದ್ರೂ ಅವ್ರಲ್ಲಾ," ಎಂದು ಮುದುಕರೊಬ್ಬರು ಕೈಮುಗಿದರು. ಸೂಲಗಿತ್ತಿ ಅಲ್ಲೇ ಕೂತಿದ್ದಳು. ನಾನು ಓದದೆ ಬಿಟ್ಟದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ. ನಾನೂ ಹೇಳಲಿಲ್ಲ, ಮುದುಕರಿಗೆ ತಿರುಗಿ ಕೈಮುಗಿದೆ.