ಹಾಲು ಕುಡಿದ ಪೈಪು

ಎದೆಹಾಲನ್ನು ತುಳಿಯುವ ಜಾಗಕ್ಕೆ ಚೆಲ್ಲಬಾರದು, ಕಸದ ಬುಟ್ಟಿಗೂ ಹಾಕಬಾರದು, ನೀರಿಗೆ ಬಿಡಬೇಕು. ಹಳ್ಳಿಮೈಸೂರಿನ ಜಯಲಕ್ಷ್ಮಮ್ಮ ಇದನ್ನು ತಮ್ಮ ಅತ್ತೆಯಿಂದ ಕಲಿತಿದ್ದರು. ಹಾಸನದ ಆಸ್ಪತ್ರೆಯೊಂದರ ನವಜಾತ ಶಿಶುಗಳ ವಾರ್ಡಿನಲ್ಲಿ ಆಯಾ ಆದ ಮೇಲೆ ಬಾಣಂತಿಯರಿಗೂ ಕಲಿಸಿದರು. ಮಕ್ಕಳಿಗೆ ಹಾಲೂಡುವ ಒಳಲೆಯಲ್ಲಿ ಉಳಿದದ್ದನ್ನು ಕೈತೊಳೆಯುವ ಬೇಸಿನ್ನಿಗೆ ಸುರಿದು, ನಲ್ಲಿ ತಿರುಗಿಸಿ, ಒಮ್ಮೆ ಕೈಮುಗಿಯುತ್ತಿದ್ದರು. ತೊಳೆದ ಒಳಲೆಗಳನ್ನು ಪಕ್ಕದ ಕಟ್ಟೆಯ ಮೇಲೆ ಒಣಗಲು ಇಡುತ್ತಿದ್ದರು.

ಕಳೆದ ಚಳಿಗಾಲದಲ್ಲಿ ಅರಕಲಗೂಡಿನ ರೂಪಶ್ರೀಯ ಗಂಡುಮಗುವಿಗೆ ಜ್ವರ ಬಂತು. ತಿಂಗಳು ತುಂಬದೆ ಹುಟ್ಟಿದ ಕೂಸು. ಅದರ ರಕ್ತದಲ್ಲಿದ್ದ ರೋಗಾಣು, ಕೊಟ್ಟ ಯಾವ ಆ್ಯಂಟಿಬಯಾಟಿಕ್‌ಗೂ ಬಗ್ಗಲಿಲ್ಲ. ಉಳಿದದ್ದು ಒಂದೇ ಔಷಧ. ಅದು ನಾಟುತ್ತದೆಂದು ಯಾರೂ ಮಾತು ಕೊಡಲಿಲ್ಲ.

ವೈದ್ಯೆ ಆರತಿ ವಾರ್ಡಿನ ಮೂಲೆಮೂಲೆಯಿಂದ ಮಾದರಿ ತೆಗೆಸಿ ಪರೀಕ್ಷೆಗೆ ಕಳಿಸಿದರು. ಮಗುವಿನ ರಕ್ತದಲ್ಲಿದ್ದದ್ದೇ ಬೇಸಿನ್ನಿನಲ್ಲೂ ಸಿಕ್ಕಿತು. ಪ್ಲಂಬರ್ ಬೋರಪ್ಪ ಅದರಡಿಯ ಬಾಗಿದ ಪೈಪಿಗೆ ಕೈಹಾಕಿದ.

“ಜಯಕ್ಕ, ಮೂಗು ಮುಚ್ಕೊ.”

“ನಿನ್ ಮಕ ಕಂಡಾಗ್ಲೇ ಮುಚ್ಕೊಂಡೆ. ಬಿಚ್ಚಲಾ.”

ಒಳಗೆ ಬೂದುಬಣ್ಣದ ಲೋಳೆ ದಪ್ಪಗೆ ಕಟ್ಟಿಕೊಂಡು, ಗಿಣ್ಣಿನ ಹಾಗೆ ಅದುರುತ್ತಿತ್ತು.

“ಇದಕ್ಕೆ ಜೀವ ಇದೆ,” ಎಂದರು ಆರತಿ. “ಊಟ ಸಿಕ್ಕರೆ ಪೈಪು ಹಿಡಿದು ಮೇಲಕ್ಕೆ ಹತ್ತುತ್ತೆ. ನಲ್ಲಿ ಬಿಟ್ಟಾಗ ಹನಿ ಜೊತೆ ಕಟ್ಟೆಗೆ ಸಿಡಿಯುತ್ತೆ. ಒಂದು ಔಷಧ ತಾಳಿಕೊಳ್ಳೋದನ್ನ ಇದರಲ್ಲಿ ಒಂದು ರೋಗಾಣು ಕಲಿತರೆ ಸಾಕು, ಪಕ್ಕದ್ದಕ್ಕೂ ಅದನ್ನ ದಾಟಿಸುತ್ತೆ.”

“ಊಟ ಯಾರು ಇಕ್ಕುದ್ರು ಮೇಡಂ?” ಜಯಲಕ್ಷ್ಮಮ್ಮ ಕೇಳಿದರು.

ಆರತಿ ಕಟ್ಟೆಯ ಮೇಲೆ ಒಣಗುತ್ತಿದ್ದ ಒಳಲೆಗಳ ಕಡೆ ನೋಡಿದರು. ಜಯಲಕ್ಷ್ಮಮ್ಮನಿಗೆ ತಿಳಿಯಿತು. ಆದರೂ ಅವರು ಅಲ್ಲಿಂದ ಕದಲದೆ ಪೈಪಿನೊಳಗೆ ನೋಡುತ್ತ ನಿಂತರು. “ಕಣ್ಗೇ ಕಾಣ್ದಂತದ್ದು, ಆಲು ಕುಡ್ಕಂಡು ಮ್ಯಾಕ್ಕೆ ಅತ್ತೈತೆ,” ಎಂದರು. ದನಿಯಲ್ಲಿ ಅಸಹ್ಯವಿರಲಿಲ್ಲ.

ಆಮೇಲೆ ರೂಪಶ್ರೀಯ ಬಳಿ ಹೋಗಿ ಕುಳಿತರು. “ಅಲ್ಲಿಗೆ ಸುರಿ ಅಂದೋಳು ನಾನೇ ಕಣವ್ವ.”

ರೂಪಶ್ರೀ ಅವರ ಮುಖ ನೋಡದೆ ಕೈಯಲ್ಲಿದ್ದ ಒಳಲೆಯನ್ನು ಮುಂದೆ ಹಿಡಿದಳು. “ಇನ್ನೆಲ್ಲಿ ಸುರೀಲಿ ಜಯಕ್ಕ?” ಎಂದಳು.

“ನಂಗೆ ಕೊಡು.”

ಅಂದಿನಿಂದ ಅವರು ಉಳಿದ ಹಾಲನ್ನು ಅಂಗಳದ ದಾಸವಾಳದ ಬುಡಕ್ಕೆ ಒಯ್ದು ಸುರಿಯತೊಡಗಿದರು. ಬೋರಪ್ಪ ಬೇಸಿನ್ ಕಿತ್ತು ಪೈಪಿನ ಬಾಯಿ ಮುಚ್ಚಿದ. ಕೈತೊಳೆಯುವುದು ಬಾಗಿಲಾಚೆಗೆ ಹೋಯಿತು. ಹೊಸದಾಗಿ ಯಾವ ಮಗುವಿಗೂ ಆ ಸೋಂಕು ತಗುಲಲಿಲ್ಲ. ರೂಪಶ್ರೀಯ ಮಗುವಿಗೆ ಮಾತ್ರ ಜ್ವರ ಬಿಟ್ಟು ಬಿಟ್ಟು ಬರುತ್ತಲೇ ಇತ್ತು.

ಕಡೆಯ ಔಷಧ ನಿಧಾನವಾಗಿ ಹಿಡಿಯಿತು. ಮೈ ತಣ್ಣಗಾದ ಬೆಳಿಗ್ಗೆ ಮಗುವನ್ನು ಅಮ್ಮನ ಎದೆಯ ಮೇಲೆ ಮಲಗಿಸಿದರು. ಅದು ಕಣ್ಣು ಬಿಡದೆಯೇ ತಲೆ ಹೊರಳಿಸಿ, ಮೊಲೆ ಹುಡುಕಿ, ಬಾಯಿ ಹಾಕಿತು.

ಜಯಲಕ್ಷ್ಮಮ್ಮ ಬಗ್ಗಿ ನೋಡಿದರು. “ಇದ್ಕೆ ಯಾರು ಏಳ್ಕೊಟ್ರು ಮೇಡಂ?”

ಮಗು ಚೀಪುತ್ತಲೇ ಇತ್ತು.