ಹಾವುರಾಣಿಗೆ ಕಟ್ಟಿದ ಬಾಲ

ನನ್ನ ಸೋದರಮಾವ ಹಲ್ಲು ಕಟ್ಟುವವನು. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಮಾವ ಮನೆಯ ಹಿಂದಿನ ಕೋಣೆಯಲ್ಲಿ ಕೂತು ಅದಕ್ಕೆ ಸರಿಯಾಗಿ ಹಲ್ಲಿನ ಸೆಟ್ಟು ಮಾಡಿಕೊಡುತ್ತಾನೆ. ಕೈಕೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ. ಆದರೆ ಅವನ ಸ್ವಂತ ಬಾಯಿ ಇದೆಯಲ್ಲ, ಅದಕ್ಕೆ ದೇವರೇ ಗತಿ. ಯಾರೇ ಎದುರಿಗೆ ಬಂದು ನಕ್ಕರೂ, "ಮೇಲ್ಗಡೆ ಎಡಕ್ಕೆ ಒಂದು ಹಲ್ಲು ವಕ್ರ ಇದೆ, ನೋಡ್ಕೊಂಡಿದ್ದೀರಾ?" ಎನ್ನುತ್ತಾನೆ. ಪಕ್ಕದ ಮನೆಯವರು ಹೊಸ ಸೊಸೆಯನ್ನು ಪರಿಚಯಿಸಲು ಕರೆತಂದಾಗ ಆ ಹುಡುಗಿಗೂ ಹೀಗೇ ಅಂದ. ಅವತ್ತಿನಿಂದ ಅವರು ನಮ್ಮ ಕಡೆಯ ಕಿಟಕಿ ತೆಗೆದಿಲ್ಲ. ಸ್ನೇಹಿತರೆಲ್ಲ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಉಳಿದವರು ಅತ್ತೆ ಮತ್ತು ನಾನು. ಅತ್ತೆಗೆ ಬೇರೆ ದಾರಿ ಇರಲಿಲ್ಲ. ನನಗೆ ಅವನು ಸಂಬಳ ಕೊಡುತ್ತಾನೆ, ಸೆಟ್ಟುಗಳಿಗೆ ಪಾಲಿಶ್ ಹಾಕುವ ಕೆಲಸ ನನ್ನದು.

ಇಂಥ ಆಸಾಮಿಗೂ ಸ್ನೇಹ ಕುದುರಿತು, ಅದೂ ಹಾವುರಾಣಿಗಳ ಜೊತೆ.

ಹಿಂದಿನ ಬಾಗಿಲ ಮೆಟ್ಟಿಲಿನ ಮೇಲೆ ಬೆಳಗಿನ ಬಿಸಿಲು ಚೆನ್ನಾಗಿ ಬೀಳುತ್ತದೆ. ಹೂಕುಂಡಗಳ ಸಂದಿಯಿಂದ ಅವು ಬಂದು ಅಲ್ಲಿ ಮೈ ಕಾಯಿಸಿಕೊಳ್ಳುತ್ತಿದ್ದವು. ಎಣ್ಣೆ ಹಚ್ಚಿದಂಥ ಮೈ, ಹೆಸರಿಗೆ ನಾಲ್ಕು ಕಾಲು, ಉಳಿದದ್ದೆಲ್ಲ ಬಾಲ. ಮೊದಲ ಸಲ ಕಂಡಾಗ ಅತ್ತೆ ಕಿಟಾರನೆ ಕಿರುಚಿ ಪೊರಕೆ ತಂದಳು. ಮಾವ ಅಡ್ಡ ನಿಂತ.

"ಹಾವಲ್ಲ ಕಣೇ, ಹಾವುರಾಣಿ. ಕಾಲಿದೆ ನೋಡು."

"ಕಾಲಿದ್ರೆ ನಡ್ಕೊಂಡು ಅಡುಗೆಮನೆಗೇ ಬರತ್ತೆ. ಇನ್ನೂ ಚೆನ್ನಾಯ್ತು!"

ಮಾವ ಕೇಳಲಿಲ್ಲ. ಬೇಯಿಸಿದ ಮೊಟ್ಟೆಯ ಹಳದಿಯನ್ನು ಪುಡಿ ಮಾಡಿ ಮೆಟ್ಟಿಲ ಮೇಲೆ ಉದುರಿಸತೊಡಗಿದ. ಅವಕ್ಕೆ ಹೆಸರನ್ನೂ ಇಟ್ಟ: ಬಾಚಿ, ಕೋರೆ, ದವಡೆ. ಅವನ ತಲೆಗೆ ಹೊಳೆಯುವುದೇ ಅಷ್ಟು. ಎಲ್ಲಕ್ಕಿಂತ ದಪ್ಪಗಿದ್ದ ದವಡೆ ದಿನ ಕಳೆದಂತೆ ಧೈರ್ಯ ತಂದುಕೊಂಡು, ನೇರ ಅವನ ಅಂಗೈ ಹತ್ತಿ ತಿನ್ನತೊಡಗಿತು. "ಬಾರೋ ರಾಜ, ನಿಧಾನಕ್ಕೆ ತಿನ್ನು" ಎಂದು ಮಾವ ಪಿಸುಗುಡುತ್ತಿದ್ದ. ಆ ದನಿ ಕೇಳಿ ನಾನು ಕೆಲಸ ಬಿಟ್ಟು ಇಣುಕಿ ನೋಡಿದ್ದುಂಟು. ಹಾವುರಾಣಿಯ ಹಲ್ಲು ಕಣ್ಣಿಗೆ ಕಾಣದಷ್ಟು ಸಣ್ಣದು, ಅದಕ್ಕೇ ತಪ್ಪು ಹುಡುಕಿಲ್ಲ ಎಂದುಕೊಂಡೆ. ಅದೇನೇ ಇರಲಿ, ಬೆಳಿಗ್ಗೆ ಅದು ಕೈ ಮೇಲೆ ಬಂದರೆ ಮಾವನಿಗೆ ಇಡೀ ದಿನ ಹಬ್ಬ. ಬರದಿದ್ದರೆ ನಮಗೆ ಗ್ರಹಚಾರ.

ಒಂದು ಬೆಳಿಗ್ಗೆ ಡಾಕ್ಟರು ಫೋನ್ ಮಾಡಿ, ಯಾವುದೋ ಸೆಟ್ಟಿನ ಬಣ್ಣ ಹಳದಿಯಾಯಿತು ಎಂದರು. ಮಾವ ಉರಿದುಬಿದ್ದ. ಫೋನಿನಲ್ಲಿ ಕೂಗಾಡುತ್ತ ಒಳಗೆ ಬಂದವನು ಹಿಂದಿನ ಬಾಗಿಲನ್ನು ರಪ್ಪೆಂದು ಹಾಕಿದ. ಅವನ ಹಿಂದೆಯೇ ದವಡೆ ಬರುತ್ತಿತ್ತು. ಬಾಗಿಲು ತೆರೆದಾಗ ಹೊಸ್ತಿಲ ಮೇಲೆ ಬಾಲವೊಂದೇ ವಿಲವಿಲ ಒದ್ದಾಡುತ್ತಿತ್ತು. ಉಳಿದ ದವಡೆ ಕುಂಡದ ಹಿಂದೆ ಮಾಯವಾಗಿತ್ತು.

ಮಾವ ತಲೆ ಮೇಲೆ ಕೈ ಹೊತ್ತು ಮೆಟ್ಟಿಲ ಮೇಲೆ ಕುಸಿದ. "ನನ್ನ ಕೈಯಾರೆ ಮಾಡ್ದೆ" ಎಂದು ಹಲುಬಿದ.

"ಅದು ಮತ್ತೆ ಬೆಳೆಯತ್ತೆ ಮಾವ" ಎಂದೆ.

"ಈ ಕೆಲಸಕ್ಕೆ ಇಳಿದಾಗಿಂದ ನೋಡ್ತಿದ್ದೀನಿ, ಉದುರಿದ್ದು ಒಂದೂ ಬೆಳೆದಿಲ್ಲ."

"ನೀನು ನೋಡಿರೋದು ಮುದುಕರ ಬಾಯಿ!"

ಅವನು ಕಿವಿಗೇ ಹಾಕಿಕೊಳ್ಳಲಿಲ್ಲ. ಬಾಲವನ್ನು ಹತ್ತಿಯಲ್ಲಿಟ್ಟು ಒಳಗೆ ತಂದ. ಉದ್ದ ಅಳೆದ, ದಪ್ಪ ಅಳೆದ. ಮೇಣದಲ್ಲಿ ಮಾದರಿ ತಿದ್ದಿ, ಗಚ್ಚಿನಲ್ಲಿ ಅಚ್ಚು ತೆಗೆದು, ವಸಡು ಮಾಡುವ ಗುಲಾಬಿ ಪುಡಿಗೆ ಕಂದು ಬಣ್ಣ ಬೆರೆಸಿ ಬಾಲವೊಂದನ್ನು ಕಟ್ಟಿಯೇಬಿಟ್ಟ. ಸಿಕ್ಕಿಸಲು ಬುಡದಲ್ಲಿ ಮೆತ್ತನೆಯ ಬಳೆ ಬೇರೆ. ಪಾಲಿಶ್ ಹಾಕಿದವಳು ನಾನೇ. ಸುಳ್ಳೇಕೆ ಹೇಳಲಿ, ಅಸಲಿಯನ್ನು ನಿವಾಳಿಸಿ ಎಸೆಯುವ ಹಾಗಿತ್ತು. ಅತ್ತೆ ಒಮ್ಮೆ ನೋಡಿ, "ಮನೇಲಿ ಒಬ್ಬರಿಗೆ ತಲೆ ಕೆಟ್ಟಿದೆ ಅಂದ್ಕೊಂಡಿದ್ದೆ, ಇಬ್ಬರಿಗೂ ಕೆಟ್ಟಿದೆ" ಎಂದು ಒಳಗೆ ಹೋದಳು.

ಕೆಲವು ದಿನಗಳ ಮೇಲೆ ದವಡೆ ಬಂತು. ಮೊಂಡು ಬಾಲ ಹೊತ್ತುಕೊಂಡು, ಅನುಮಾನದಿಂದಲೇ ಮೊಟ್ಟೆಯ ಪುಡಿಯ ತನಕ ಬಂತು. ಕಾಯುವ ತಾಳ್ಮೆ ಮಾವನಿಗೆಲ್ಲಿ! ಒಂದು ಕೈಯಲ್ಲಿ ಬಾಲ ಹಿಡಿದು, ಇನ್ನೊಂದು ಕೈಯಲ್ಲಿ ಅದರ ಸೊಂಟ ಅಮುಕಿದ. ಅದು ಮೈ ತಿರುಚಿ, ಬೆರಳು ಕಚ್ಚಿ ಪರಾರಿ. ಬಾಚಿ, ಕೋರೆಗಳೂ ಕಾಲಿಗೆ ಬುದ್ಧಿ ಹೇಳಿದವು.

ಆಮೇಲೆ ಮೆಟ್ಟಿಲಿಗೆ ಯಾರೂ ಬರಲಿಲ್ಲ. ಮಾವ ಊಟ ಅರ್ಧಕ್ಕೇ ಬಿಟ್ಟು ಏಳುತ್ತಿದ್ದ. ಯಾರದೋ ಮೇಲಿನ ಸೆಟ್ಟನ್ನು ಯಾರದೋ ಕೆಳಗಿನದಕ್ಕೆ ಜೋಡಿಸಿ ಕಳಿಸಿದ. ಬೈಗುಳವೂ ನಿಂತುಹೋಯಿತು, ನನಗೆ ಹೆದರಿಕೆಯಾಗಿದ್ದು ಆಗಲೇ. "ಇನ್ನು ಅದು ನನ್ನ ಹತ್ರ ಬರಲ್ಲ ಅಲ್ವೇನೇ?" ಎಂದು ಅತ್ತೆಯನ್ನು ಮಗುವಿನ ಹಾಗೆ ಕೇಳಿದ. ನನಗೆ ಸಂಕಟವಾಯಿತು.

ಅತ್ತೆ ಮಾತ್ರ ಕರಗಲಿಲ್ಲ. "ನೀವು ಸರಿ ಮಾಡ್ತೀನಿ ಅಂತ ಬಂದ್ರೆ ಯಾರು ತಾನೇ ನಿಲ್ತಾರೆ? ನಾನೂ ಎಷ್ಟೋ ಸಲ ಓಡೋಣ ಅಂದ್ಕೊಂಡಿದ್ದೀನಿ. ನಾಳೆಯಿಂದ ಮೆಟ್ಟಿಲ ಮೇಲೆ ಕೂತ್ಕೊಳಿ. ಕೈ ಬಿಚ್ಚಿ, ಬಾಯಿ ಮುಚ್ಚಿ. ಆ ದರಿದ್ರ ಬಾಲ ಇಲ್ಲಿ ಕೊಡಿ."

ಬಾಲ ಕಸದ ಬುಟ್ಟಿ ಸೇರಿತು. ಮಾವ ಪ್ರತಿ ಬೆಳಿಗ್ಗೆ ಅಂಗೈ ತುಂಬ ಹಳದಿ ಪುಡಿ ಇಟ್ಟುಕೊಂಡು ಗೂಟದ ಹಾಗೆ ಕೂತ. ಇರುವೆ ಕಚ್ಚಿದರೂ ಪಿಟ್ಟೆನ್ನಲಿಲ್ಲ. ವಾರಗಳು ಉರುಳಿದವು. ಕೊನೆಗೊಂದು ದಿನ, ನಾನೂ ಅತ್ತೆಯೂ ಬಾಗಿಲ ಬಳಿ ಚಹಾ ಕುಡಿಯುತ್ತಿದ್ದಾಗ, ಕುಂಡದ ಹಿಂದಿನಿಂದ ದವಡೆ ಹೊರಬಂತು. ನಿಂತಿತು, ನೋಡಿತು, ಅಂಗೈ ಹತ್ತಿತು.

ಬಾಲ ಬೆಳೆದಿತ್ತು. ಎಂಥ ಬಾಲ! ಗಿಡ್ಡ, ಸೊಟ್ಟ, ಮೈಗೂ ಅದಕ್ಕೂ ಸಂಬಂಧವೇ ಇಲ್ಲದ ಬೂದು ಬಣ್ಣ. ಮಾವ ಬಗ್ಗಿ ನೋಡಿದ. ಬಾಯಿ ತೆರೆದ. ಕೆಟ್ಟೆವು ಎಂದುಕೊಂಡೆ.

"ಚೆನ್ನಾಗಿದೆ ಕಣೋ" ಎಂದ ಮಾವ. ಕಣ್ಣಲ್ಲಿ ನೀರು. "ತುಂಬಾ ಚೆನ್ನಾಗಿದೆ."

ಅತ್ತೆ ಚಹಾದ ಲೋಟ ಕೆಳಗಿಟ್ಟಳು.

"ಏನಂದ್ರಿ? ಇನ್ನೊಂದ್ಸಲ ಹೇಳಿ. ಮದುವೆಯಾಗಿ ಮೂವತ್ತು ವರ್ಷ ಆಯ್ತು, ಈ ಮಾತು ನನಗೆ ಒಂದು ದಿನವಾದ್ರೂ ಹೇಳಿದ್ದೀರಾ?"

ಕೈಯಲ್ಲಿ ದವಡೆ ತಿನ್ನುತ್ತಿತ್ತು. ಮಾವ ಏಳುವಂತಿರಲಿಲ್ಲ, ಕೂಗುವಂತೆಯೂ ಇರಲಿಲ್ಲ. ಅತ್ತೆ ಕುರ್ಚಿ ಎಳೆದುಕೊಂಡು ಅವನ ಎದುರಿಗೆ ಕೂತಳು, ಮದುವೆಯ ಮಾರನೆಯ ದಿನದಿಂದ ಶುರುಮಾಡಿದಳು.