ಕನಕಲಕ್ಷ್ಮಿ ಮಿಸ್ಸಿಗೆ ನೀವಾಳಿಸಿದ್ದು

ಕನಕಲಕ್ಷ್ಮಿ ಮಿಸ್ಸಿಗೆ ಒಂದು ಕಡೆ ಕೂತು ಗೊತ್ತಿಲ್ಲ. ಮದ್ದೂರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುವಾಗ ಕಾಲಲ್ಲಿ ಚಕ್ರ, ಕೈಯಲ್ಲಿ ಡಸ್ಟರು. ಹುಡುಗಿಯರು ‘ಐ ಡಿಡ್ ನಾಟ್ ವೆಂಟ್’ ಅಂದರೆ ಮೇಜಿಗೆ ಒಂದೇಟು, ‘ಐ ಹ್ಯಾವ್ ಸೀನ್ ಹಿಮ್ ಎಸ್ಟರ್‌ಡೇ’ ಅಂದರೆ ಎರಡು. ‘ಐ ಆಮ್ ಹ್ಯಾವಿಂಗ್ ಫೀವರ್’ ಎಂದ ಹೆಡ್‌ಮಾಸ್ತರನ್ನೂ ಆಕೆ ಬಿಟ್ಟವರಲ್ಲ. ಜ್ವರ ಇಳಿಯುವ ಮೊದಲೇ ವಾಕ್ಯ ತಿದ್ದಿಸಿದರು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

ಎಪ್ಪತ್ನಾಲ್ಕರ ಫೆಬ್ರವರಿಯಲ್ಲಿ ಹನಕೆರೆಯಿಂದ ಬರುತ್ತಿದ್ದ ಮಂಗಳ ಎಂಬ ಹುಡುಗಿ ಸ್ಕೂಲಿಗೆ ಬರುವುದನ್ನು ನಿಲ್ಲಿಸಿದಳು. ಹಿಂದಿನ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದರಲ್ಲೇ ಫೇಲಾಗಿದ್ದ ಹುಡುಗಿ. ಈ ಸಲ ಪಾಸಾದರೆ ನರ್ಸ್ ಟ್ರೈನಿಂಗು, ಇಲ್ಲದಿದ್ದರೆ ಮದುವೆ. ಮಿಸ್ಸಿಗೆ ಅನ್ನ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಶನಿವಾರ ಅರ್ಧ ದಿನದ ಸ್ಕೂಲು ಮುಗಿದದ್ದೇ ತಡ, ರೈಲು ಹತ್ತಿ ಹನಕೆರೆಯಲ್ಲಿಳಿದರು.

ಮಂಗಳ ಜಗಲಿಯ ಮೇಲೆ ಕೂತಿದ್ದಳು, ತೋಳಿನಲ್ಲಿ ಹೊಸ ತಾಯತ. ಅವಳ ತಾಯಿ ಪುಟ್ಟಮಾದಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

“ನಮ್ಮುಡ್ಗೀಗೆ ಗಾಳಿ ಸೋಕ್ಯದೆ ಕಣಮ್ಮ. ಇಂಗ್ಲೀಸಿರ್ಲಿ, ಕನ್ನಡಾನೂ ಮಾತಾಡಾಕಿಲ್ಲ. ‘ಉಂಡ್ಯೇನಮ್ಮಿ’ ಅಂದ್ರೆ, ಉಂಡೆ ಅನ್ಬೇಕೋ ಉಣ್ತೀನಿ ಅನ್ಬೇಕೋ ಅಂತ ನನ್ ಮಕ ನೋಡ್ತಳೆ. ರೈಲ್ ಗೇಟ್ ತವ ಯಾವ್ದೋ ದೆವ್ವ ಮೆಟ್ಕಂಡದೆ.”

ಮಿಸ್ಸಿಗೆ ಹೊಳೆಯಿತು. ಆ ದೆವ್ವ ರೈಲ್ವೆ ಗೇಟಿನದಲ್ಲ, ಅದರ ಕೈಯಲ್ಲಿ ಡಸ್ಟರಿದೆ. ನಾಚಿಕೆಯಿಂದ ತಲೆ ತಗ್ಗಿತು.

“ಪುಟ್ಟಮಾದಮ್ಮ, ಆ ದೆವ್ವ ನಾನೇ.”

“ಬುಡ್ತು ಅನ್ನಿ, ಮಿಸ್ಸಮ್ಮ!”

ಮಿಸ್ಸು ಜಗಲಿಯ ಮೇಲೆ ಮಂಗಳನ ಪಕ್ಕದಲ್ಲಿ ಕೂತರು. “ನಿನ್ನೆ ಏನೇನು ಮಾಡಿದೆ, ಇಂಗ್ಲಿಷಿನಲ್ಲಿ ಹೇಳು. ತಪ್ಪಾದರೂ ನಾನು ಬಾಯಿ ತೆರೆಯುವುದಿಲ್ಲ.”

ಹುಡುಗಿ ಮಿಸ್ಸಿನ ಕೈ ನೋಡಿದಳು. ಕೈ ಖಾಲಿ.

“ಎಸ್ಟರ್‌ಡೇ... ಐ ಗೋ ಟು ಫೀಲ್ಡ್. ಮೈ ಮದರ್ ಈಸ್ ಕಟ್ಟೆಡ್ ಶುಗರ್‌ಕೇನ್...”

ಅಬ್ಬಾ, ಮಿಸ್ಸಿನ ಪಾಡು! ಬಾಯಿಗೆ ಬಂದದ್ದನ್ನು ನುಂಗಿದರು. ಸೆರಗು ಕಚ್ಚಿದರು. ಹಣೆಯಲ್ಲಿ ಬೆವರು, ಬೆರಳುಗಳು ತಾವಾಗಿಯೇ ಜಗಲಿಯ ಮೇಲೆ ಡಸ್ಟರು ತಡಕುತ್ತಿದ್ದವು.

ಪುಟ್ಟಮಾದಮ್ಮ ನೋಡಿದಳು. “ಅಯ್ಯಯ್ಯೋ, ಗಾಳಿ ಮಿಸ್ಸಮ್ಮುನ್ಗೆ ತಗಲ್ಕಬುಡ್ತು!” ಎನ್ನುತ್ತ ಒಳಗೋಡಿ ಉಪ್ಪು ಮೆಣಸಿನಕಾಯಿ ಹಿಡಿದು ಬಂದವಳು ಬೇಡವೆನ್ನಲೂ ಬಿಡದೆ ನೀವಾಳಿಸಿದಳು. “ಊಂ, ಉಗೀರಿ ಮೂರ್ ಸತಿ.”

ಬಿ.ಎ., ಬಿ.ಎಡ್. ಓದಿದ ಕನಕಲಕ್ಷ್ಮಿ, ಯಾರ ಮನೆಯಲ್ಲೂ ಗಟ್ಟಿಯಾಗಿ ಕೆಮ್ಮದವರು, ಬಗ್ಗಿ ಥೂ, ಥೂ, ಥೂ ಎಂದರು. ಪುಟ್ಟಮಾದಮ್ಮ ಮೆಣಸಿನಕಾಯಿಯನ್ನು ಒಲೆಗೆ ಹಾಕಿ ಘಾಟು ಬರುತ್ತದೆಯೇ ಎಂದು ಮೂಸಿ ನೋಡಿದಳು. “ಗಾಟೇ ಇಲ್ಲ ನೋಡಿ. ಬೋ ದಿನದ್ದು ಕಣಮ್ಮ ಇದು.”

ಮಂಗಳ ಕಿಸಕ್ಕೆಂದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗುವಿನ ಭರದಲ್ಲೇ ಮಾತು ಹೊರಟಿತು: ಹೊಲ, ಕಬ್ಬು, ಮಿಸ್ಸು ಉಗಿದದ್ದು, ಎಲ್ಲ ಇಂಗ್ಲಿಷಿನಲ್ಲೇ, ಒಂದು ಕ್ರಿಯಾಪದವೂ ಇರಬೇಕಾದ ಜಾಗದಲ್ಲಿರಲಿಲ್ಲ. ರೈಲಿನ ಹೊತ್ತಾಗುವವರೆಗೂ ಮಿಸ್ಸು ತುಟಿ ಬಿಗಿದು ಕೇಳಿದರು.

ಸ್ಟೇಷನ್ನಿಗೆ ಬಿಡಲು ಬಂದ ಮಂಗಳ ರೈಲಿನ ಕಿಟಕಿಯ ಹತ್ತಿರ ಓಡಿಬಂದು ಕೂಗಿ ಹೇಳಿದಳು: “ಮಂಡೇ ಐ ವಿಲ್ ಕೇಮ್, ಮಿಸ್!”

ಕನಕಲಕ್ಷ್ಮಿ ಕಿಟಕಿಯ ಸರಳನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು.

“ಬಾರಮ್ಮ,” ಎಂದರು.